ಎಲೆಯ ಸಾರ, ಇಲಿಯ ಪಾದ

ಮೊಣಕಾಲು ಊದಿಕೊಂಡರೆ ಲಕ್ಕಿ ಸೊಪ್ಪನ್ನು ಬಿಸಿ ಮಾಡಿ ಕಟ್ಟುವ ರೂಢಿ ನಮ್ಮ ಹಳ್ಳಿಗಳಲ್ಲಿದೆ. ಅದನ್ನು ನೊಚ್ಚಿ ಎಂದು ಕರೆಯುವ ತಮಿಳುನಾಡಿನಲ್ಲೂ ಇದೆ. ಸೊಪ್ಪು ನಿಜಕ್ಕೂ ಉರಿಯೂತ ಇಳಿಸುತ್ತದೆಯೇ ಎಂದು ಪರೀಕ್ಷಿಸುವ ವಿಜ್ಞಾನದ ಚರಿತ್ರೆ ಬರೆಯಹೊರಟರೆ ಮದರಾಸಿನ ಅಡ್ಯಾರನ್ನು ಬಿಟ್ಟು ಬರೆಯಲಾಗದು.

ಕ್ಯಾಪ್ಟನ್ ಗೊರೂರು ಶ್ರೀನಿವಾಸಮೂರ್ತಿ ಪಾಶ್ಚಾತ್ಯ ವೈದ್ಯ ಓದಿದವರು, ಥಿಯಾಸಾಫಿಸ್ಟರು, ಮುಂದೆ ಅಡ್ಯಾರ್ ಗ್ರಂಥಾಲಯದ ನಿರ್ದೇಶಕರಾದವರು. ಮದರಾಸು ಸರ್ಕಾರ ದೇಶೀಯ ವೈದ್ಯಪದ್ಧತಿಗಳ ಅಧ್ಯಯನಕ್ಕೆ 1921ರಲ್ಲಿ ನೇಮಿಸಿದ ಉಸ್ಮಾನ್ ಸಮಿತಿಗೆ ಅವರೇ ಕಾರ್ಯದರ್ಶಿ. ಆಯುರ್ವೇದದ ಮದ್ದುಗಳಿಗಷ್ಟೇ ಅಲ್ಲ, ಅದರ ತತ್ತ್ವಕ್ಕೂ ವೈಜ್ಞಾನಿಕ ನೆಲೆಯಿದೆ ಎಂದು 1923ರ ವರದಿಯ ಜೊತೆಗಿನ ದೀರ್ಘ ಟಿಪ್ಪಣಿಯಲ್ಲಿ ವಾದಿಸಿದರು. 1925ರಲ್ಲಿ ಆರಂಭವಾದ ಸರ್ಕಾರಿ ದೇಶೀಯ ವೈದ್ಯಶಾಲೆಗೆ ಪ್ರಾಂಶುಪಾಲರೂ ಆದರು. ಅದೇ ಹೊತ್ತಿಗೆ ಕಲ್ಕತ್ತೆಯಲ್ಲಿ ರಾಮನಾಥ ಚೋಪ್ರಾ ಬೇರೆ ದಾರಿ ಹಿಡಿದಿದ್ದರು: ಗಿಡದೊಳಗಿನ ಸಕ್ರಿಯ ರಾಸಾಯನಿಕವನ್ನು ಬೇರ್ಪಡಿಸಬೇಕು, ಪ್ರಾಣಿಯ ಮೇಲೆ ಪರೀಕ್ಷಿಸಬೇಕು, ಆಮೇಲೆ ರೋಗಿಗೆ ಕೊಡಬೇಕು. ಪ್ರಯೋಗಾಲಯಗಳಲ್ಲಿ ಗೆದ್ದದ್ದು ಚೋಪ್ರಾ ದಾರಿ.

ಆ ದಾರಿಗೆ ಅಳತೆಗೋಲು ಸಿಕ್ಕಿದ್ದು 1962ರಲ್ಲಿ. ಅಮೆರಿಕದ ವಿಂಟರ್ ಮತ್ತು ಸಂಗಡಿಗರು ಕೆಂಪು ಕಡಲಪಾಚಿಯಿಂದ ಬರುವ ಕ್ಯಾರಜೀನನ್ ಎಂಬ ಪದಾರ್ಥವನ್ನು ಇಲಿಯ ಹಿಂಗಾಲ ಪಾದಕ್ಕೆ ಚುಚ್ಚಿ ಊತ ತರಿಸಿದರು. ಮದ್ದು ಕೊಟ್ಟ ಇಲಿಯ ಪಾದ ಎಷ್ಟು ಕಡಿಮೆ ಊದಿತು ಎಂಬುದೇ ಫಲಿತಾಂಶ. ಈ ಊತ ಎರಡು ಹಂತದ್ದು: ಮೊದಲು ಹಿಸ್ಟಮೀನ್, ಸೆರೊಟೋನಿನ್, ಬಳಿಕ ಪ್ರೊಸ್ಟಗ್ಲಾಂಡಿನ್. ಆಸ್ಪಿರಿನ್ ಪ್ರೊಸ್ಟಗ್ಲಾಂಡಿನ್ ತಯಾರಿಕೆಯನ್ನೇ ತಡೆಯುತ್ತದೆ ಎಂದು ಜಾನ್ ವೇನ್ 1971ರಲ್ಲಿ ತೋರಿಸಿದ ಮೇಲೆ, ಎರಡನೆಯ ಹಂತದ, ಅಂದರೆ ಮೂರನೆಯ ಗಂಟೆಯ ಊತ ಇಳಿಸುವ ಎಲೆಗೆ ವಿಶೇಷ ಬೆಲೆ ಬಂತು. 1973ರಲ್ಲಿ ಲಖ್ನೋದ ಶ್ರೀಮಲ್ ಮತ್ತು ಧವನ್ ಅರಿಶಿನದ ಕರ್ಕ್ಯುಮಿನ್‌ಗೆ ಉರಿಯೂತ ತಗ್ಗಿಸುವ ಗುಣವಿದೆಯೆಂದು ಪ್ರಕಟಿಸಿದರು. ಮುಂದೆ ಕಾಲೇಜು ಕಾಲೇಜುಗಳಲ್ಲಿ ಬೇವು, ತುಳಸಿ, ಆಡುಸೋಗೆ ಎಲ್ಲವೂ ಇದೇ ಪರೀಕ್ಷೆಗೆ ಇಳಿದವು.

ಇಲಿಯ ಪರವಾಗಿ ಮಾತಾಡಿದ ದನಿಯೂ ಅಡ್ಯಾರಿನದೇ. ಕಲಾಕ್ಷೇತ್ರ ಕಟ್ಟಿದ ರುಕ್ಮಿಣೀದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಪ್ರಾಣಿಹಿಂಸೆ ತಡೆಯುವ ಖಾಸಗಿ ಮಸೂದೆ ತಂದರು. ಅದರ ಫಲವಾಗಿ 1960ರ ಕಾಯ್ದೆ ಬಂತು. 1962ರಲ್ಲಿ, ಹೌದು, ಅದೇ ವರ್ಷ, ಪ್ರಾಣಿ ಕಲ್ಯಾಣ ಮಂಡಳಿಗೆ ಅವರು ಮೊದಲ ಅಧ್ಯಕ್ಷೆಯಾದರು. 1998ರ ನಿಯಮಗಳ ನಂತರ ಇಲಿ ಪ್ರಯೋಗಕ್ಕೆ ನೈತಿಕ ಸಮಿತಿಯ ಅನುಮತಿ ಬೇಕೇ ಬೇಕು. ಇದು ಒಳ್ಳೆಯದೇ ಆಯಿತು. ಆದರೆ ಅನುಮತಿ ಬೇಡದ ಸುಲಭ ದಾರಿಯೊಂದು ಬೆಳೆಯಿತು: ಕೊಳವೆಯಲ್ಲಿ ಮೊಟ್ಟೆಯ ಬಿಳಿಯ ಪ್ರೋಟೀನನ್ನು ಬಿಸಿ ಮಾಡಿ, ಎಲೆಯ ಸಾರ ಅದು ಕೆಡದಂತೆ ತಡೆಯಿತೇ ಎಂದು ನೋಡುವುದು. ಇಷ್ಟರಿಂದಲೇ ಗಿಡವನ್ನು ಉರಿಯೂತದ ಮದ್ದು ಎನ್ನುವುದು ಆತುರ.

ಸಾರ ತೆಗೆಯುವ ಕ್ರಮದಲ್ಲೇ ಇನ್ನೂ ದೊಡ್ಡ ತೊಡಕಿದೆ. ಮನೆಯಲ್ಲಿ ಕಷಾಯ ನೀರಿನದು. ಪ್ರಯೋಗಾಲಯದಲ್ಲಿ ಹೆಚ್ಚಾಗಿ ಮೆಥನಾಲಿನದು. ಎರಡರಲ್ಲೂ ಕರಗುವ ಅಂಶಗಳು ಬೇರೆ ಬೇರೆ. ಪ್ರಮಾಣವನ್ನೂ ನೋಡಿ: ಇಲಿಗೆ ಕಿಲೋ ತೂಕಕ್ಕೆ 400 ಮಿಲಿಗ್ರಾಂ ಕೊಡುವುದು ಸಾಮಾನ್ಯ. ದೇಹದ ಮೇಲ್ಮೈಯ ಲೆಕ್ಕದಲ್ಲಿ 60 ಕಿಲೋ ತೂಕದ ಮನುಷ್ಯನಿಗೆ ಅದು ಸುಮಾರು 4 ಗ್ರಾಂ ಒಣ ಸಾರ. ಅದಕ್ಕೆ ಎಷ್ಟು ಸೊಪ್ಪು ಬೇಕು ಎಂಬ ಪ್ರಶ್ನೆಯನ್ನು ಪ್ರಬಂಧಗಳು ಎತ್ತುವುದೇ ಅಪರೂಪ. ಈ ದೃಷ್ಟಿಯಿಂದ 2003ರ ಶ್ರೀಲಂಕಾದ ಅಧ್ಯಯನ ನನಗೆ ಮೆಚ್ಚಿಗೆ. ಅಲ್ಲಿನವರು ಬಲಿತ ಹಸಿ ಲಕ್ಕಿ ಎಲೆಯ ನೀರಿನ ಸಾರವನ್ನೇ ಇಲಿಗೆ ಕೊಟ್ಟು ಊತ ಇಳಿಯುವುದನ್ನು ತೋರಿಸಿದರು.

ಲಕ್ಕಿಯ ಮೇಲೆ ಇನ್ನೊಂದು ಇಲಿ ಪ್ರಯೋಗ ಬೇಕಿಲ್ಲ. ಜನ ಬಳಸುವ ರೂಪದಲ್ಲೇ ಆ ಸೊಪ್ಪನ್ನು ಮೊಣಕಾಲು ನೋವಿನ ರೋಗಿಗಳಿಗೆ ಕೊಟ್ಟು, ಹೋಲಿಕೆಗೆ ಇನ್ನೊಂದು ಗುಂಪನ್ನಿಟ್ಟುಕೊಂಡು ನಡೆಸುವ ಪರೀಕ್ಷೆಗೆ ನಮ್ಮ ಸಂಶೋಧನಾ ಸಂಸ್ಥೆಗಳು ಹಣ ತೆಗೆದಿಡಲಿ.