ಕಳವಳದ ಲೆಕ್ಕ

1917ರಲ್ಲಿ ಅಮೆರಿಕ ಮಹಾಯುದ್ಧಕ್ಕೆ ಇಳಿದಾಗ ಅದರ ಸೇನಾಧಿಕಾರಿಗಳಿಗೆ ಹೊಸದೊಂದು ಚಿಂತೆ ಹತ್ತಿತು. ಮೈಮೇಲೆ ಒಂದು ಗಾಯವೂ ಇಲ್ಲದೆ, ಗುಂಡಿನ ಸದ್ದಿಗೇ ನಡುಗಿ ಮಾತು ಕಳೆದುಕೊಂಡ ಯೋಧರು ಯುರೋಪಿನ ಆಸ್ಪತ್ರೆಗಳಲ್ಲಿ ತುಂಬಿದ್ದರು. ಅಂಥವರನ್ನು ಭರ್ತಿಯ ಹೊತ್ತಿಗೇ ಗುರುತಿಸಬಹುದೆ? ಕೊಲಂಬಿಯ ವಿಶ್ವವಿದ್ಯಾನಿಲಯದ ರಾಬರ್ಟ್ ವುಡ್‌ವರ್ತ್ ಅವರು ಹೌದು, ಇಲ್ಲ ಎಂದಷ್ಟೇ ಉತ್ತರಿಸಬೇಕಾದ ನೂರಕ್ಕೆ ಮೇಲ್ಪಟ್ಟ ಪ್ರಶ್ನೆಗಳ ಪಟ್ಟಿಯೊಂದನ್ನು ಸಿದ್ಧಪಡಿಸಿದರು. ಅದು ಸೈನ್ಯದಲ್ಲಿ ಬಳಕೆಗೆ ಬರುವ ಮುನ್ನವೇ ಯುದ್ಧ ಮುಗಿದುಹೋಯಿತು. ಮನಸ್ಸಿನ ಕಳವಳವನ್ನು ಪ್ರಶ್ನೆ ಕೇಳಿ ಅಳೆಯಬಹುದೆಂಬ ನಂಬಿಕೆ ಮಾತ್ರ ಉಳಿದುಕೊಂಡಿತು.

ಆ ಬಳಿಕ ಬಂದ ಅಳತೆಗೋಲುಗಳ ಹುಟ್ಟು ವಿಚಿತ್ರವಾದುದು. 1953ರಲ್ಲಿ ಜಾನೆಟ್ ಟೇಲರ್ ಪ್ರಕಟಿಸಿದ 50 ಹೇಳಿಕೆಗಳ ಪಟ್ಟಿ, ಕಣ್ಣೆವೆಯ ಮಿಡಿತವನ್ನು ಕುರಿತ ಕಲಿಕೆಯ ಪ್ರಯೋಗಗಳಿಗೆ ಜನರನ್ನು ಆರಿಸುವುದಕ್ಕಾಗಿ ಹೊರಟದ್ದು. 1959ರಲ್ಲಿ ಮ್ಯಾಕ್ಸ್ ಹ್ಯಾಮಿಲ್ಟನ್ ರಚಿಸಿದ 14 ಅಂಶಗಳ ಮಾಪನವಾದರೋ, ರೋಗಿಯೆಂದು ಆಗಲೇ ನಿರ್ಧಾರವಾದವನ ಬಾಧೆ ಎಷ್ಟೆಂದು ತೂಗುವುದಕ್ಕೆ. ಇಂಥ ತಕ್ಕಡಿ ಹಿಡಿದು ಊರಿನ ತಲೆ ಎಣಿಸಹೊರಟರೆ ಲೆಕ್ಕ ತಪ್ಪದಿದ್ದೀತೆ?

ತಲೆ ಎಣಿಕೆಗೆ ಬೇರೆ ದಾರಿ ಬೇಕಾಯಿತು: ರೋಗದ ಲಕ್ಷಣ, ಅವಧಿ, ಅದರಿಂದ ಕೆಟ್ಟ ಕೆಲಸಕಾರ್ಯ ಎಲ್ಲವನ್ನೂ ಕ್ರಮವಾಗಿ ವಿಚಾರಿಸುವ ಸಂದರ್ಶನ. 2001ರಿಂದ 2003ರವರೆಗೆ ಅಮೆರಿಕದಲ್ಲಿ ನಡೆದ ಅಂಥ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇಕಡಾ 19.1 ಮಂದಿ ಹಿಂದಿನ ಒಂದು ವರ್ಷದೊಳಗೆ ಯಾವುದಾದರೊಂದು ಆತಂಕದ ಕಾಯಿಲೆಗೆ ಒಳಗಾಗಿದ್ದರು, ಹೆಂಗಸರಲ್ಲಿ 23.4, ಗಂಡಸರಲ್ಲಿ 14.3. ನಮ್ಮ ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ ನ್ಯೂರೋಸಿಸ್ ಹಾಗೂ ಒತ್ತಡಸಂಬಂಧಿ ಕಾಯಿಲೆಗಳೆಲ್ಲ ಸೇರಿ ಸುಮಾರು ಶೇಕಡಾ 3.5. ಹಾಗೆಂದು ನಾವು ಎದೆಗಾರರೆಂದು ಬೀಗುವುದೆ? ಅಲ್ಲಿಯದು ವರ್ಷದ ಲೆಕ್ಕ, ಇಲ್ಲಿಯದು ಆ ಹೊತ್ತಿನ ಸ್ಥಿತಿ. ಪ್ರಶ್ನಾವಳಿ ಬೇರೆ, ಕಾಯಿಲೆಗಳ ವಿಂಗಡಣೆಯೂ ಬೇರೆ. ಮಾತಿನ ತೊಡಕೂ ಉಂಟು. 'ಅಡ್ಡಿ ಆತಂಕ' ಎನ್ನುವಾಗ ಆತಂಕವೆಂದರೆ ಅಡಚಣೆ. ದಿಗಿಲು, ತಳಮಳ, ದುಗುಡ ಒಂದೊಂದರ ಛಾಯೆಯೂ ಬೇರೆ. ಹಳ್ಳಿಯ ತಾಯಿ 'ಎದೆ ಡವಡವ ಅನ್ನುತ್ತೆ' ಎಂದಾಳೇ ಹೊರತು ತನಗೆ ಆತಂಕವಿದೆಯೆಂದು ಹೇಳಳು.

2006ರಲ್ಲಿ ರಾಬರ್ಟ್ ಸ್ಪಿಟ್ಜರ್ ಮತ್ತು ಸಂಗಡಿಗರು ತಂದ ಏಳು ಪ್ರಶ್ನೆಗಳ ಪಟ್ಟಿ ಈಗ ಬಹು ಬಳಕೆಯಲ್ಲಿದೆ. ಹಿಂದಿನ ಎರಡು ವಾರಗಳದಷ್ಟೇ ವಿಚಾರ. 21ಕ್ಕೆ 10 ಅಂಕ ಬಂದರೆ ಎಚ್ಚರಿಕೆ. ರಚಿಸಿದವರ ಲೆಕ್ಕದಂತೆಯೇ ಆ ಗೆರೆ, ಸದಾ ಕಾಡುವ ವ್ಯಾಪಕ ಆತಂಕದ ಕಾಯಿಲೆಯುಳ್ಳ 100 ಮಂದಿಯಲ್ಲಿ 89 ಮಂದಿಯನ್ನು ಹಿಡಿಯುತ್ತದೆ. ಅದಿಲ್ಲದ 100 ಮಂದಿಯಲ್ಲಿ 18 ಮಂದಿಯನ್ನೂ ಹಿಡಿಯುತ್ತದೆ. ಒಂದು ಊರಿನಲ್ಲಿ 1000 ವಯಸ್ಕರಿದ್ದು 50 ಮಂದಿಗೆ ನಿಜವಾಗಿಯೂ ಆ ಕಾಯಿಲೆ ಇದೆಯೆನ್ನೋಣ. ಅವರಲ್ಲಿ 44 ಅಥವಾ 45 ಮಂದಿ ಈ ಬಲೆಗೆ ಬೀಳುತ್ತಾರೆ; ಜತೆಗೆ ಅದಿಲ್ಲದ 171 ಮಂದಿ. ವೈದ್ಯರು ಎದುರು ಕೂರಿಸಿಕೊಂಡು ಮಾತನಾಡಿಸದೆ ಇವರೆಲ್ಲರನ್ನೂ ರೋಗಿಗಳೆಂದು ಬರೆದುಕೊಂಡರೆ, ಊರಿನ ಕಾಯಿಲೆ ನಾಲ್ಕು ಪಟ್ಟಾಗಿ ವರದಿಯಲ್ಲಿ ಅಚ್ಚಾಗುತ್ತದೆ. ಬಲೆಯಿಂದ ನುಸುಳಿದ ಐದಾರು ಮಂದಿ ಮಾತ್ರ ಯಾರ ಲೆಕ್ಕಕ್ಕೂ ಸಿಗದೆ ರಾತ್ರಿಯೆಲ್ಲ ಎಚ್ಚರವಾಗಿರುತ್ತಾರೆ.