ಗಾಜು ಹೇಳುವ ಮಟ್ಟ

ಕಣಕಟ್ಟೆಯ ಹೆಸರಿನಲ್ಲಿಯೇ ಕಟ್ಟೆಯಿದೆ. ತಾಲ್ಲೂಕಿನ ಕೇಂದ್ರವಾದ ಅರಸೀಕೆರೆಯ ಹೆಸರಿನಲ್ಲಿ ಕೆರೆಯಿದೆ. ಈ ಒಣ ಸೀಮೆಯಲ್ಲಿ ನೀರೆಷ್ಟಿದೆ ಎಂಬುದು ಅನ್ನದ ಪ್ರಶ್ನೆ. ತೂಬಿನ ಕಲ್ಲು ಎಷ್ಟು ಮುಳುಗಿದೆ, ಕೋಡಿಗೆ ಎಷ್ಟು ಮೊಳ ಉಳಿದಿದೆ ಎಂದು ನೋಡಿದರೆ ಬೇಸಾಯಗಾರನಿಗೆ ಲೆಕ್ಕ ಸಿಕ್ಕುತ್ತದೆ.

ಮುಚ್ಚಿದ ಪಾತ್ರೆಯ ಮಟ್ಟ ಹೀಗೆ ಕಣ್ಣಿಗೆ ಬೀಳುವಂಥದಲ್ಲ. ಅರಸೀಕೆರೆ ಜಂಕ್ಷನ್ನಿನಲ್ಲಿ ಹಿಂದೆ ಓಡಾಡುತ್ತಿದ್ದ ಉಗಿ ಎಂಜಿನ್ನುಗಳ ಬಾಯ್ಲರಿಗೆ ಗಾಜಿನ ಕೊಳವೆಯೊಂದಿರುತ್ತಿತ್ತು. ಅದರ ಮೇಲ್ತುದಿ ಉಗಿಯೊಡನೆ, ಕೆಳತುದಿ ನೀರಿನೊಡನೆ ಕೂಡಿದ್ದುದರಿಂದ ಒಳಗಿನ ಮಟ್ಟವೇ ಹೊರಗೆ ನಿಲ್ಲುತ್ತಿತ್ತು. ನೀರಿಳಿದು ಬೆಂಕಿಗೂಡಿನ ನೆತ್ತಿ ಬರಿದಾದರೆ ಲೋಹ ಕಾದು ಮೆದುವಾಗಿ ಬಾಯ್ಲರೇ ಸಿಡಿಯಬಹುದು. ಆದರೆ ಗಾಜೂ ಸುಳ್ಳಾಡುತ್ತದೆ! ಗಡಸು ನೀರಿನ ಸುಣ್ಣ ದಾರಿಯನ್ನು ಕಟ್ಟಿದರೆ ಇಲ್ಲದ ನೀರು ಇರುವಂತೆ ತೋರುತ್ತದೆ. ಆದ್ದರಿಂದ ಚಾಲಕನು ಕೆಳಗಿನ ನಲ್ಲಿ ತೆರೆದು ಕೊಳವೆಯನ್ನು ಬರಿದುಮಾಡಿ, ಮುಚ್ಚಿದೊಡನೆ ನೀರು ಥಟ್ಟನೆ ಏರಿತೇ ಎಂದು ನೋಡಬೇಕಿತ್ತು. ನನಗೆ ಆ ಕೊಳವೆಗಿಂತಲೂ ಅದನ್ನು ನಂಬದ ಈ ಕ್ರಮವೇ ದೊಡ್ಡದೆನಿಸುತ್ತದೆ. ಅದನ್ನೂ ಮರೆತವನಿಗೆ ಕೊನೆಯ ಕಾವಲು, ನೆತ್ತಿಯಲ್ಲಿ ಕೂರಿಸಿದ ಸೀಸದ ತಿರುಳಿನ ಬಿರಡೆ: ನೀರು ತಪ್ಪಿದರೆ ಸೀಸ ಕರಗಿ, ಉಗಿ ಬೆಂಕಿಯ ಮೇಲೆ ನುಗ್ಗಿ ಎಚ್ಚರಿಸುತ್ತಿತ್ತು.

ಇಂದಿನ ಕಾರ್ಖಾನೆಗಳ ಟ್ಯಾಂಕುಗಳಲ್ಲಿ ತೇಲುಬುರುಡೆಯಿಂದಲೋ, ತಳದ ಒತ್ತಡದಿಂದಲೋ, ರೇಡಾರ್ ಅಲೆ ಮರಳುವ ಹೊತ್ತಿನಿಂದಲೋ ಮಟ್ಟ ತಿಳಿಯುತ್ತಾರೆ. ಅಂಕಿ ದೂರದ ಕೋಣೆಯ ಪರದೆಯಲ್ಲಿ ಮೂಡುತ್ತದೆ. ಇಂಗ್ಲೆಂಡಿನ ಬನ್ಸ್‌ಫೀಲ್ಡ್ ಇಂಧನ ಸಂಗ್ರಹಾಗಾರದಲ್ಲಿಯೂ ಅಂಥ ಮಾಪಕವಿತ್ತು. 2005ರ ಡಿಸೆಂಬರ್ 11ರ ನಸುಕಿನಲ್ಲಿ ಅದರ ಅಂಕಿ ಒಂದೆಡೆ ನಿಂತುಬಿಟ್ಟಿತು, ಪೆಟ್ರೋಲ್ ಮಾತ್ರ ಏರುತ್ತಲೇ ಇತ್ತು. ತುಂಬಿದರೆ ತಡೆಯಬೇಕಿದ್ದ ಎರಡನೆಯ ಸ್ವಿಚ್ಚೂ ಕೆಲಸಮಾಡಲಿಲ್ಲ. ಟ್ಯಾಂಕು ಕೋಡಿ ಬಿದ್ದು, ಹರಡಿದ ಆವಿಗೆ ಕಿಡಿ ತಗುಲಿತು. ಬೆಂಕಿ ಆರಲು ದಿನಗಳೇ ಬೇಕಾದವು.