ಜಾವಾ, ಕಾರ್ಬುರೇಟರ್ ಮತ್ತು ಬದಲಾದ ಪೆಟ್ರೋಲು

ವಕ್ಕಲೇರಿ ಎಂದೊಡನೆ ಇತಿಹಾಸ ಓದಿದವರಿಗೆ ನೆನಪಾಗುವುದು ಚಾಲುಕ್ಯರ ಇಮ್ಮಡಿ ಕೀರ್ತಿವರ್ಮನ 757ರ ತಾಮ್ರಶಾಸನ. ಆದರೆ ಅರಸರ ದಾನದತ್ತಿಗಳಷ್ಟೇ ಇತಿಹಾಸವಲ್ಲ. ಕೋಲಾರ, ಮಾಲೂರಿನ ಹಳ್ಳಿ ದಾರಿಗಳಲ್ಲಿ ಹಾಲಿನ ಕ್ಯಾನು, ರೇಷ್ಮೆಗೂಡು ಹೊತ್ತು ಓಡಿದ ಮೋಟಾರ್‌ಸೈಕಲ್‌ಗಳಿಗೂ, ಅವು ಕುಡಿದ ಎಣ್ಣೆಗೂ ಒಂದು ಇತಿಹಾಸವಿದೆ.

ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ನಮ್ಮ ಬಸ್ಸುಗಳು ಇದ್ದಿಲಿನ ಗ್ಯಾಸಿನಿಂದ ಓಡಿದವು. ಪೆಟ್ರೋಲಿಗೆ ಆಲ್ಕೋಹಾಲ್ ಬೆರೆಸಲು 1948ರಲ್ಲೇ ಕೇಂದ್ರದ ಕಾಯ್ದೆಯೊಂದು ಬಂದಿತ್ತು. ಇಂಧನ ಬದಲಾಗುವುದು ಹೊಸದೇನಲ್ಲ. ಪ್ರತಿಸಲವೂ ಅದರ ಭಾರ ಯಾರ ಹೆಗಲಿಗೆ ಬಿತ್ತು ಎಂಬುದೇ ನಮ್ಮ ಪ್ರಶ್ನೆ.

1961ರಿಂದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಜಾವಾ ಗಾಡಿಗಳನ್ನೂ, 1973ರಿಂದ ಯೆಜ್ಡಿಗಳನ್ನೂ ತಯಾರಿಸಿತು. 1996ರಲ್ಲಿ ಬಾಗಿಲು ಮುಚ್ಚಿತು. ಇವು ಟೂ-ಸ್ಟ್ರೋಕ್ ಗಾಡಿಗಳು. ಲೀಟರ್ ಪೆಟ್ರೋಲಿಗೆ ಸುಮಾರು 40 ಮಿಲಿ ಆಯಿಲ್ ಬೆರೆಸಬೇಕು. ಗಾಡಿ ವಾರಗಟ್ಟಲೆ ನಿಂತರೆ ಪೆಟ್ರೋಲು ಆವಿಯಾಗಿ, ಅಂಟು ಉಳಿದು, ಜೆಟ್ಟಿನ ಸಣ್ಣ ತೂತು ಕಟ್ಟಿಕೊಳ್ಳುತ್ತದೆ. ಕಾರ್ಬುರೇಟರ್ ಬಿಚ್ಚಿ ತೊಳೆದು, ಸದ್ದು ಕೇಳಿಯೇ ಟ್ಯೂನ್ ಮಾಡುವ ಕಸುಬು ಊರೂರಿನ ಗ್ಯಾರೇಜುಗಳಲ್ಲಿ ಬೆಳೆಯಿತು. ಶಾಲೆ ಬಿಟ್ಟ ಎಷ್ಟೋ ಮುಸ್ಲಿಮ್ ಹುಡುಗರು ಉಸ್ತಾದರ ಕೈಕೆಳಗೆ ಇದನ್ನು ಕಲಿತು ಸಂಸಾರ ನಡೆಸಿದರು.

ಮುಂದೆ ಬಂದದ್ದು ಕಲಬೆರಕೆ. ಪಡಿತರದ ಸೀಮೆಎಣ್ಣೆ ಅಗ್ಗ, ಪೆಟ್ರೋಲು ದುಬಾರಿ. ಈ ಅಂತರದಲ್ಲಿ ಮೋಸ ಹುಟ್ಟಿತು. ಸೀಮೆಎಣ್ಣೆ ಬೆರೆತರೆ ಎಂಜಿನ್ ಬಡಿಯುತ್ತದೆ, ಪ್ಲಗ್ಗಿಗೆ ಮಸಿ ಹಿಡಿಯುತ್ತದೆ, ಸೈಲೆನ್ಸರ್ ಕಟ್ಟುತ್ತದೆ. ಗಿರಾಕಿ ಬೈಯುವುದು ಮಾತ್ರ ಮೆಕ್ಯಾನಿಕ್ಕನ್ನು. ಈ ಮೋಸವನ್ನು ತಡೆಯಹೊರಟವರು ನಮ್ಮ ಕೋಲಾರ ಚಿನ್ನದ ಗಣಿಯ ಊರಿನ ಎಸ್. ಮಂಜುನಾಥ್. ಇಂಡಿಯನ್ ಆಯಿಲ್ ಅಧಿಕಾರಿಯಾಗಿ ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಕಲಬೆರಕೆ ಬಂಕುಗಳ ಮೇಲೆ ಕ್ರಮ ಕೈಗೊಂಡ ಅವರನ್ನು 2005ರ ನವೆಂಬರ್ 19ರಂದು ಗುಂಡಿಕ್ಕಿ ಕೊಂದರು. ಆಗ ಅವರಿಗೆ ಕೇವಲ 27 ವರ್ಷ.

ಈಗಿನ ಬೆರಕೆ ಕಾನೂನಿನದೇ. 2000ದ ಫೆಬ್ರವರಿಯಲ್ಲಿ ಸೀಸದ ಪೆಟ್ರೋಲು ದೇಶದಲ್ಲಿ ನಿಂತಿತು. ಅದು ಮಕ್ಕಳ ಆರೋಗ್ಯಕ್ಕೆ ಒಳ್ಳೆಯದಾಯಿತು. ಶೇ. 20 ಎಥನಾಲ್ ಬೆರೆತ ಪೆಟ್ರೋಲು 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಬಿಡುಗಡೆಯಾಗಿ, 2025ರ ಹೊತ್ತಿಗೆ ದೇಶವಿಡೀ ಹರಡಿತು. ಇದರಿಂದ ಕಬ್ಬು, ಮೆಕ್ಕೆಜೋಳದ ಬೆಳೆಗಾರರಿಗೆ ಮಾರುಕಟ್ಟೆ ಸಿಕ್ಕಿತು, ಆಮದಿನ ಹೊರೆ ಇಳಿಯಿತು ಎಂಬುದನ್ನು ಅಲ್ಲಗಳೆಯಲಾಗದು. ಆದರೆ ಎಥನಾಲ್ ನೀರನ್ನು ಹೀರುತ್ತದೆ. ಹಳೆಯ ಟ್ಯಾಂಕಿಗೆ ತುಕ್ಕು ಹಿಡಿಸಿ, ಒಳಗಿನ ಕೊಳೆಯನ್ನೆಬ್ಬಿಸಿ ಜೆಟ್ಟಿಗೆ ತರುತ್ತದೆ. ಹಳೆಯ ರಬ್ಬರ್ ಪೈಪು, ವಾಷರುಗಳನ್ನು ಕೆಡಿಸುತ್ತದೆ. ಅದರಲ್ಲೇ ಆಮ್ಲಜನಕವಿರುವುದರಿಂದ ಹಳೆಯ ಜೆಟ್ಟಿನಲ್ಲಿ ಮಿಶ್ರಣ ತೆಳುವಾಗಿ ಎಂಜಿನ್ ಹೆಚ್ಚು ಬಿಸಿಯಾಗುತ್ತದೆ. ದ್ವಿಚಕ್ರ ವಾಹನಗಳ ಮೈಲೇಜ್ ಶೇ. 3ರಿಂದ 4 ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು.

ಹಳೆಯ ಗಾಡಿ ಇಟ್ಟುಕೊಂಡವರು ಕೆಲವು ಎಚ್ಚರ ವಹಿಸಬೇಕು. ಗಾಡಿ ಕೆಲದಿನ ನಿಲ್ಲುವುದಾದರೆ ಪೆಟ್ರೋಲ್ ಕಾಕ್ ಮುಚ್ಚಿ, ಫ್ಲೋಟ್ ಚೇಂಬರ್ ಖಾಲಿಯಾಗುವವರೆಗೆ ಎಂಜಿನ್ ಓಡಿಸಿ ನಿಲ್ಲಿಸಿ. ಜೆಟ್ಟನ್ನು ತಂತಿಯಿಂದ ಚುಚ್ಚದೆ ಗಾಳಿ ಊದಿ ಸ್ವಚ್ಛಮಾಡಿ. ಪೈಪು, ಫಿಲ್ಟರ್ ಬದಲಿಸಿ. ಪ್ಲಗ್ ಬೆಳ್ಳಗೆ ಕಂಡರೆ, ಒಂದು ಅಳತೆ ದೊಡ್ಡ ಜೆಟ್ ಬೇಕೇ ಎಂದು ಮೆಕ್ಯಾನಿಕ್ಕನ್ನು ಕೇಳಿ.

ಎಥನಾಲ್ ಇಲ್ಲದ ಪೆಟ್ರೋಲೂ ಸಿಗಲಿ, ಪ್ರಮಾಣವನ್ನು ಬಂಕಿನಲ್ಲಿ ಬರೆಯಲಿ ಎಂದು ಕೋರಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು. ತೀರ್ಪನ್ನು ಗೌರವಿಸೋಣ, ಪ್ರಶ್ನೆಯನ್ನು ಮರೆಯುವುದು ಬೇಡ. ಸಂತೆಯಲ್ಲಿ ಪ್ರವಾದಿ(ಸ)ಯವರು ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ತೇವ ಸಿಕ್ಕಿದ ಪ್ರಸಂಗ ನಮಗೆಲ್ಲ ಗೊತ್ತು. ಮಳೆಗೆ ನೆನೆದದ್ದಕ್ಕಾಗಿ ಅವರು ವ್ಯಾಪಾರಿಯನ್ನು ಆಕ್ಷೇಪಿಸಲಿಲ್ಲ. ನೆನೆದದ್ದನ್ನು ಜನರಿಗೆ ಕಾಣುವಂತೆ ಮೇಲಿಡಲಿಲ್ಲವೆಂದು ಆಕ್ಷೇಪಿಸಿದರು. ಬೆರೆಸುವುದು ಕಾನೂನೇ ಆಗಿರಲಿ. ಏನು ಬೆರೆಸಿದ್ದೇವೆ, ಅದರಿಂದ ಹಳೆಯ ಗಾಡಿಗೆ ಏನಾಗುತ್ತದೆ ಎಂಬುದನ್ನು ಹಾಲಿನ ಕ್ಯಾನು ಕಟ್ಟಿಕೊಂಡು ಹೊರಟ ರೈತನಿಗೆ ತಿಳಿಸುವುದು ಮಾರುವವರ ಋಣ.